ಶೀನನಿಗೆ, ಅರ್ಧಕ್ಕೇ ಮುಚ್ಚಿಟ್ಟ ಒಂದು ಯುದ್ಧದ ಬಗ್ಗೆ

ಪ್ರಿಯ ಶೀನ,

ನಿನ್ನ ಪತ್ರ ತಲುಪಿತು. ‘ದಿ ಫಾರೆವರ್ ವಾರ್’ ಕಾದಂಬರಿಯನ್ನು ಅರ್ಧಕ್ಕೇ ಮುಚ್ಚಿಟ್ಟೆ ಅಂತ ಬರೆದಿದ್ದೀಯ. ಮುಚ್ಚಿಡು ಮಾರಾಯ, ಓದಿ ಮುಗಿಸುತ್ತೇನೆ ಅಂತ ನೀನೇನೂ ಹರಕೆ ಹೊತ್ತಿರಲಿಲ್ಲ. ನೀನು ಕೊಟ್ಟ ಕಾರಣಗಳಲ್ಲಿ ಕೆಲವನ್ನು ನಾನೂ ಒಪ್ಪುತ್ತೇನೆ. ಆದರೆ ‘ಹುಡುಗ ಊರಿಗೆ ಮರಳುವ ಭಾಗ ಸಪ್ಪೆ’ ಅಂದೆಯಲ್ಲ, ಅದಕ್ಕೆ ಮಾತ್ರ ಜಗಳ ಆಡದೆ ಬಿಡುವುದಿಲ್ಲ. ನಾಲ್ಕು ಜನ ಓದಲಿ ಅಂತ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಕಥೆಯ ಗುಟ್ಟು ಬಿಟ್ಟುಕೊಡುತ್ತೇನೆ, ಬೇಡವಾದವರು ಇಲ್ಲೇ ಇಳಿದುಕೊಳ್ಳಬಹುದು.

ಓದದವರಿಗೆ ಎರಡು ಮಾತು. ಇದು ಅಮೆರಿಕದ ಜೋ ಹಾಲ್ಡ್‌ಮನ್ ಬರೆದದ್ದು, ಪುಸ್ತಕವಾಗಿ ಬಂದದ್ದು 1974ರಲ್ಲಿ. ಐಕ್ಯೂ 150ಕ್ಕಿಂತ ಮೇಲಿರುವ ಗಟ್ಟಿಮುಟ್ಟು ಹುಡುಗ ಹುಡುಗಿಯರನ್ನು ಕಾನೂನು ಮಾಡಿ ಸೈನ್ಯಕ್ಕೆ ಎಳೆದುಕೊಳ್ಳುತ್ತಾರೆ. ಭೌತಶಾಸ್ತ್ರ ಓದಿದ ವಿಲಿಯಂ ಮಂಡೆಲ್ಲಾ ಅವರಲ್ಲೊಬ್ಬ. ಶತ್ರುಗಳು ಟಾರನ್ನರು, ಯಾರೂ ಕಣ್ಣಾರೆ ಕಂಡಿಲ್ಲದ ಅನ್ಯಲೋಕದವರು. ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗುಗಳು ಬೆಳಕಿನ ವೇಗದ ಹತ್ತಿರ ಹತ್ತಿರ ಓಡುವುದರಿಂದ ಸೈನಿಕನಿಗೆ ತಿಂಗಳುಗಳು ಕಳೆಯುವಷ್ಟರಲ್ಲಿ ಭೂಮಿಯ ಮೇಲೆ ವರ್ಷಗಳು, ಆಮೇಲಾಮೇಲೆ ಶತಮಾನಗಳೇ ಉರುಳಿಹೋಗುತ್ತವೆ. ಒಟ್ಟು ಯುದ್ಧ ನಡೆಯುವುದು 1143 ವರ್ಷ. ಅಷ್ಟನ್ನೂ ಒಬ್ಬನೇ ಮನುಷ್ಯ ಇನ್ನೂ ಪ್ರಾಯದಲ್ಲಿರುವಾಗಲೇ ಕಂಡು ಮುಗಿಸುತ್ತಾನೆ.

ಈ ಪುಸ್ತಕವನ್ನು ನಾನು ನಿನ್ನೊಬ್ಬನಿಗೇ ಅಂಟಿಸಿದ್ದಲ್ಲ. ತಂಗಿಯ ಮಗಳು ಎಂ.ಎಸ್ಸಿ. ಫಿಸಿಕ್ಸ್ ಮಾಡುತ್ತಿದ್ದಾಳಲ್ಲ, ಅವಳಿಗೂ ಕೊಟ್ಟಿದ್ದೆ. ಅವಳು ಕಥೆಗಿಂತ ಮೊದಲು ಲೆಕ್ಕ ಹಿಡಿದು ಕೂತಳು. ಬೆಳಕಿನ ವೇಗದ ಶೇಕಡಾ 99ರಲ್ಲಿ ಹೋದರೆ ಹಡಗಿನ ಒಂದು ವರ್ಷಕ್ಕೆ ಹೊರಗೆ ಸುಮಾರು ಏಳು ವರ್ಷ, ಶೇಕಡಾ 99.9 ಆದರೆ ಇಪ್ಪತ್ತೆರಡಕ್ಕೂ ಹೆಚ್ಚು. ಪುಟದ ಅಂಚಿನಲ್ಲಿ ಇದನ್ನೆಲ್ಲ ಪೆನ್ಸಿಲ್‌ನಲ್ಲಿ ಗೀಚಿದ್ದಾಳೆ. ಅವಳಿಗೆ ರೋಮಾಂಚನವಾದದ್ದು ಒಂದು ಯುದ್ಧತಂತ್ರದ ವಿಷಯ: ನೀನು ಎದುರಿಸುವ ಶತ್ರು ನಿನಗಿಂತ ಎಷ್ಟು ಹಿಂದಿನ ಕಾಲದಿಂದ ಹೊರಟವನೋ, ಎಷ್ಟು ಮುಂದಿನ ಕಾಲದವನೋ ನಿನಗೆ ಗೊತ್ತಿರುವುದಿಲ್ಲ. ನಿನ್ನ ಬಂದೂಕು ನೂರಾರು ವರ್ಷ ಹಳೆಯದಾಗಿರಬಹುದು, ಅವನದ್ದೂ ಆಗಿರಬಹುದು. ಕೊನೆಯ ಕಾಳಗದಲ್ಲಂತೂ ಯಾವ ಯಂತ್ರವೂ ನಡೆಯದ ಒಂದು ವಲಯದೊಳಗೆ ಬಿಲ್ಲು ಬಾಣ, ಕತ್ತಿ ಹಿಡಿದು ಹೋರಾಡಬೇಕಾಗುತ್ತದೆ. ಅವಳು ಅದನ್ನು ಓದಿ ಮೆಚ್ಚಿ ಮೆಚ್ಚಿ ಫೋನ್ ಮಾಡಿದ್ದಳು.

ಇನ್ನೊಬ್ಬ ಓದುಗರು ನಮ್ಮ ಬೀದಿಯ ನಿವೃತ್ತ ಸುಬೇದಾರರು. ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಅವರಿಗೆ ಕ್ಯಾಂಪಿನಲ್ಲಿದ್ದಾಗಲೇ ಹತ್ತಿದ್ದು. ಪುಸ್ತಕ ಶುರುವಾಗುವುದೇ ಸದ್ದಿಲ್ಲದೆ ಮನುಷ್ಯನನ್ನು ಕೊಲ್ಲುವ ಎಂಟು ವಿಧಾನಗಳ ಪಾಠದಿಂದ. ಪಾಠ ಮಾಡುವ ಸಾರ್ಜೆಂಟಿಗೆ ಮಂಡೆಲ್ಲಾಗಿಂತ ಐದು ವರ್ಷವೂ ಹೆಚ್ಚಿದ್ದಂತೆ ಕಾಣುವುದಿಲ್ಲ; ಇವನು ಯುದ್ಧದಲ್ಲಿ ಯಾರನ್ನಾದರೂ ಕೊಂದಿದ್ದರೆ ಹಸುಗೂಸಾಗಿದ್ದಾಗಲೇ ಕೊಂದಿರಬೇಕು ಅಂತ ಮಂಡೆಲ್ಲಾ ಅಂದುಕೊಳ್ಳುತ್ತಾನೆ. “ಅಲ್ಲಿಗೇ ನಕ್ಕುಬಿಟ್ಟೆ ಕಣ್ರೀ, ಬರೆದೋನು ಸೈನ್ಯದಲ್ಲಿ ಇದ್ದೋನೇ” ಅಂದರು. ಕಾಲದ ಲೆಕ್ಕ ಅವರಿಗೆ ತಲೆಗೆ ಹತ್ತಲಿಲ್ಲವಂತೆ, ಅದರ ಗೊಡವೆಗೂ ಹೋಗಲಿಲ್ಲ. ಅವರು ನೋಡಿದ್ದು ಸಂಬಳ! ದಶಕಗಳ ಕಾಲ ಚಕ್ರಬಡ್ಡಿ ಸೇರಿ ಬೆಳೆದ ಸಂಬಳ ಕೈಗೆ ಬರುತ್ತದೆ, ಅದನ್ನು ಖರ್ಚು ಮಾಡುವ ಲೋಕವೇ ಗುರುತು ಸಿಗದ ಹಾಗೆ ಬದಲಾಗಿಹೋಗಿರುತ್ತದೆ. ಆ ಜಾಗದಲ್ಲಿ ಅವರು ಪುಸ್ತಕ ಮಡಚಿಟ್ಟು ತಮ್ಮದೇ ಒಂದು ರಜೆಯ ಕಥೆ ಹೇಳಿದರು. ಟ್ರಂಕು ಹೊತ್ತು ಮನೆಗೆ ಬಂದರೆ ಸಣ್ಣ ಮಗಳು “ಯಾರೋ ಬಂದಿದ್ದಾರಮ್ಮಾ” ಅಂತ ಒಳಗೆ ಓಡಿದಳಂತೆ. ಹೇಳುತ್ತಾ ಅವರೇ ನಗುತ್ತಿದ್ದರು, ನಾನು ನಗಲಿಲ್ಲ.

ಅವರ ಊಹೆ ಸರಿ, ಬರೆದವನು ಸೈನ್ಯದಲ್ಲಿ ಇದ್ದವನೇ. ಹಾಲ್ಡ್‌ಮನ್ ಭೌತಶಾಸ್ತ್ರ, ಖಗೋಳಶಾಸ್ತ್ರ ಓದಿ 1967ರಲ್ಲಿ ಪದವಿ ಪಡೆದ. ಅದೇ ವರ್ಷ ಕಡ್ಡಾಯ ಸೇನಾಸೇವೆಯ ಓಲೆ ಬಂತು. ವಿಯೆಟ್ನಾಂನಲ್ಲಿ ಕಾಂಬ್ಯಾಟ್ ಎಂಜಿನಿಯರ್ ಆಗಿದ್ದಾಗ 1968ರಲ್ಲಿ ತೀವ್ರವಾಗಿ ಗಾಯಗೊಂಡ. ಅವನ ಮೊದಲ ಕಾದಂಬರಿ ನೇರವಾಗಿ ವಿಯೆಟ್ನಾಂ ಬಗ್ಗೆಯೇ ಇತ್ತು. ಎರಡನೆಯದಾಗಿ ಬರೆದ ಇದನ್ನು ಹದಿನೆಂಟು ಪ್ರಕಾಶಕರು ವಾಪಸು ಕಳಿಸಿದರು, ವಿಯೆಟ್ನಾಂ ನೆನಪಿಸುವ ವೈಜ್ಞಾನಿಕ ಕಾದಂಬರಿ ಯಾರಿಗೆ ಬೇಕು ಅಂತ. ಕೊನೆಗೆ ಸೇಂಟ್ ಮಾರ್ಟಿನ್ಸ್ ಪ್ರೆಸ್ ಅಚ್ಚು ಹಾಕಿತು. ಬೆನ್ನಿಗೇ ನೆಬ್ಯುಲಾ, 1976ರಲ್ಲಿ ಹ್ಯೂಗೋ, ವೈಜ್ಞಾನಿಕ ಕಥೆಗಳಿಗೆ ಕೊಡುವ ಎರಡೂ ದೊಡ್ಡ ಪ್ರಶಸ್ತಿ ಬಂದವು. ನಾಯಕನ ಹೆಸರು ಹೆಚ್ಚುಕಡಿಮೆ ಹಾಲ್ಡ್‌ಮನ್ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿದ ಹಾಗಿದೆ. ನಾಯಕಿ ಮೇರಿಗೇ ಪಾಟರ್ ಅನ್ನುವುದಂತೂ ಅವನ ಹೆಂಡತಿಯ ತವರಿನ ಹೆಸರು. ಮುಚ್ಚುಮರೆಯೇನೂ ಇಲ್ಲ.

ಈಗ ನಮ್ಮ ಜಗಳಕ್ಕೆ ಬಾ. ಕಾದಂಬರಿ ಮೊದಲು ‘ಅನಲಾಗ್’ ಪತ್ರಿಕೆಯಲ್ಲಿ ತುಂಡು ತುಂಡಾಗಿ ಬಂದದ್ದು. ಸೈನಿಕರು ಮನೆಗೆ ಮರಳುವ ನಡುವಿನ ಭಾಗವನ್ನು ಓದಿದ ಸಂಪಾದಕ ಬೆನ್ ಬೋವಾ, ಇದು ವಿಪರೀತ ನಿರಾಶೆಯದ್ದಾಯಿತು ಅಂತ ಬೇಡವೆಂದ. ಹಾಲ್ಡ್‌ಮನ್ ಅದರ ಬದಲಿಗೆ ಸೌಮ್ಯವಾದ ಇನ್ನೊಂದನ್ನು ಬರೆದುಕೊಟ್ಟ. ಮೊದಲ ಮುದ್ರಣಗಳಲ್ಲಿ ಇದ್ದದ್ದು ಆ ಸೌಮ್ಯ ರೂಪವೇ. ಬಿಟ್ಟಿದ್ದ ಭಾಗ ಪುಸ್ತಕದೊಳಗೆ ವಾಪಸು ಬಂದದ್ದು 1990ರ ದಶಕದ ಮುದ್ರಣಗಳಲ್ಲಿ. ನೀನು ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕದ ರಾಶಿಯಿಂದ ಎತ್ತಿಕೊಂಡ ಪ್ರತಿ ಎಪ್ಪತ್ತರ ದಶಕದ್ದು ಅಂತ ನೀನೇ ಜಂಬ ಕೊಚ್ಚಿಕೊಂಡಿದ್ದೀಯ. ಅಂದಮೇಲೆ ಇಷ್ಟು ದಿನ ನಾವಿಬ್ಬರೂ ಬೇರೆ ಬೇರೆ ಪುಸ್ತಕ ಓದಿ ಒಂದೇ ಪುಸ್ತಕಕ್ಕೆ ಜಗಳ ಆಡುತ್ತಿದ್ದೇವೆ.

ನನ್ನ ಪ್ರತಿಯಲ್ಲಿ ಹೀಗಿದೆ. ಮಂಡೆಲ್ಲಾ ಮರಳಿ ಬರುವಾಗ ತಾಯಿಗೆ ವಯಸ್ಸಾಗಿದೆ. ಎಪ್ಪತ್ತು ದಾಟಿದವರಿಗೆ ಸರ್ಕಾರ ಚಿಕಿತ್ಸೆಯಲ್ಲಿ ಆದ್ಯತೆ ಕೊಡುವುದು ಒಂದು ಅಂಕದ ಮೇಲೆ. ಅವಳಿಗೆ ಸಿಕ್ಕಿರುವ ಅಂಕ ಸೊನ್ನೆ. ಕಾಯಿಲೆ ಬಿದ್ದರೆ ನೋಡುವವರಿಲ್ಲ, ಸಾಯುತ್ತಾಳೆ. ಯುದ್ಧಕ್ಕೆ ದುಡ್ಡಿದೆ, ಯೋಧನ ತಾಯಿಗೆ ವೈದ್ಯನಿಲ್ಲ. ಮೇರಿಗೇಯ ಅಪ್ಪ ಅಮ್ಮ ಹೊಲದ ಮನೆಯಲ್ಲಿದ್ದಾರೆ, ಅಲ್ಲಿ ದರೋಡೆಕೋರರ ಕಾಟ, ಅವರೂ ಉಳಿಯುವುದಿಲ್ಲ. ಕಡೆಗೆ ಇಬ್ಬರೂ ತಾವು ಹೇಸುವ ಅದೇ ಸೈನ್ಯಕ್ಕೆ ಮತ್ತೆ ಹೆಸರು ಕೊಡುತ್ತಾರೆ. ತರಬೇತಿ ಕೊಡುವ ಕೆಲಸ ಅಂತ ಮಾತು ಕೊಟ್ಟಿದ್ದವರು ಕೂಡಲೇ ಯುದ್ಧಕ್ಕೆ ಅಟ್ಟುತ್ತಾರೆ. ಇಡೀ ಪುಸ್ತಕದ ಬೆನ್ನುಮೂಳೆ ಇದೇ, ಶೀನ. ಇದು ಗಟ್ಟಿಯಾಗಿಲ್ಲದಿದ್ದರೆ ಅವರು ಯಾಕೆ ಮರಳಿ ಹೋದರು ಅನ್ನುವುದಕ್ಕೆ ಉತ್ತರವೇ ಸಿಗುವುದಿಲ್ಲ. ನೀನು ಓದಿದ್ದು ಆ ಸೌಮ್ಯ ರೂಪ, ನಿನಗೆ ಸಪ್ಪೆ ಅನ್ನಿಸಿದ್ದು ಸಹಜವೇ. ಸುಬೇದಾರರು ತಾಯಿಯ ಪುಟಗಳ ಬಗ್ಗೆ ಏನೂ ಅನ್ನಲಿಲ್ಲ. ಪುಸ್ತಕವನ್ನು ಇನ್ನೂ ಒಂದು ವಾರ ಇಟ್ಟುಕೊಳ್ಳಲಾ ಅಂತ ಕೇಳಿದರು, ಅಷ್ಟೇ.

ನಿನ್ನ ಇನ್ನೆರಡು ತಕರಾರಿಗೆ ನನ್ನದೂ ಸಹಿ ಹಾಕುತ್ತೇನೆ. ಗಂಡು ಹೆಣ್ಣು ಸೈನಿಕರು ಪಾಳಿ ಪ್ರಕಾರ ಜೊತೆ ಮಲಗಬೇಕು, ಹೆಣ್ಣು ಬೇಡ ಅನ್ನುವಂತಿಲ್ಲ ಎಂಬ ನಿಯಮ ನನಗೂ ಇರಿಸುಮುರಿಸು. ಲೇಖಕ ಅದನ್ನು ಸೈನ್ಯದ ಕ್ರೌರ್ಯ ಅಂತ ತೋರಿಸುತ್ತಿದ್ದಾನೋ, ಎಪ್ಪತ್ತರ ದಶಕದ ಹುಡುಗರ ಕನಸು ಕಾಣುತ್ತಿದ್ದಾನೋ ಪಕ್ಕಾ ಆಗುವುದಿಲ್ಲ. ಸಲಿಂಗಪ್ರೇಮದ ವಿಷಯ ಇನ್ನೂ ಗೋಜಲು. ಜನಸಂಖ್ಯೆ ತಗ್ಗಿಸಲು ಸರ್ಕಾರವೇ ಅದನ್ನು ಬೆಳೆಸುತ್ತದೆ, ಮುಂದೆ ಎಲ್ಲರೂ ಹಾಗೇ ಆಗಿ ಮಂಡೆಲ್ಲಾ ಒಬ್ಬನೇ ವಿಚಿತ್ರ ಪ್ರಾಣಿಯಾಗಿ ಉಳಿಯುತ್ತಾನೆ. ತನ್ನ ಕೈಕೆಳಗಿನವರೇ ಬೆನ್ನ ಹಿಂದೆ ಅವನನ್ನು ಆಡಿಕೊಳ್ಳುವುದು ಒಳ್ಳೆಯ ತಿರುಗುಬಾಣ. ಆದರೆ ಕೊನೆಯಲ್ಲಿ ಅದು ಬೇಕಾದರೆ ಬದಲಿಸಿಕೊಳ್ಳಬಹುದಾದ ಗುಣ ಎಂಬಂತೆ ಬರೆದದ್ದು ಇವತ್ತಿನ ಓದುಗರಿಗೆ ಚುಚ್ಚುತ್ತದೆ. ಅಮೆರಿಕದ ಮನೋವೈದ್ಯರ ಸಂಘ ಅದನ್ನು ರೋಗದ ಪಟ್ಟಿಯಿಂದ ತೆಗೆದದ್ದೇ 1973ರಲ್ಲಿ. ನಮ್ಮಲ್ಲಿ ಅದನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಹಲ್ಲನ್ನು ಸುಪ್ರೀಂ ಕೋರ್ಟು ಕಿತ್ತದ್ದು 2018ರಲ್ಲಿ. ಆ ಕಾಲಕ್ಕೆ ಇಷ್ಟು ಬರೆದನಲ್ಲ ಅಂತ ಮೆಚ್ಚುವವರೂ ಇದ್ದಾರೆ, ಇಷ್ಟೇನಾ ಅಂತ ಮುಖ ತಿರುಗಿಸುವವರೂ ಇದ್ದಾರೆ. ತಂಗಿಯ ಮಗಳು ಎರಡನೆಯ ಗುಂಪು.

ಅಮೆರಿಕದ ಇನ್ನೊಬ್ಬ ವೈಜ್ಞಾನಿಕ ಕಾದಂಬರಿಕಾರ ಹೈನ್‌ಲೈನ್‌ನ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಇದಕ್ಕಿಂತ ವಾಸಿ ಅಂತ ಬೇರೆ ಬರೆದಿದ್ದೀಯ. 1959ರ ಆ ಕಾದಂಬರಿ ಸೇವೆ ಸಲ್ಲಿಸಿದವನಿಗೇ ಓಟು ಅನ್ನುತ್ತದೆ. ಓದುಗರು ಯಾವಾಗಲೂ ಇವೆರಡನ್ನು ಎದುರುಬದುರು ನಿಲ್ಲಿಸಿ ಕುಸ್ತಿ ಬಿಡುತ್ತಾರೆ. ಹೈನ್‌ಲೈನ್ ನೌಕಾದಳದ ಅಧಿಕಾರಿಯಾಗಿದ್ದವನು, ಕ್ಷಯ ಬಂದು 1934ರಲ್ಲಿ ಸೇವೆ ಬಿಡಬೇಕಾಯಿತು, ಕಾಳಗ ಕಂಡವನಲ್ಲ. ಅದನ್ನೇ ಹಿಡಿದು ಅವನನ್ನು ಬಯ್ಯುವುದು ನನಗೆ ಸರಿಬರುವುದಿಲ್ಲ. ಸುಬೇದಾರರಿಗೆ ಎರಡೂ ಇಷ್ಟ: ಅದರಲ್ಲಿ ತರಬೇತಿ ಚೆನ್ನಾಗಿದೆಯಂತೆ, ಇದರಲ್ಲಿ ರಜೆ. ಕುಸ್ತಿ ನೋಡುವ ಉಮೇದು ಸಿವಿಲಿಯನ್ನರಾದ ನಮಗೇ ಹೆಚ್ಚು ಅನ್ನಿಸುತ್ತದೆ.

ನೀನು ನಿಲ್ಲಿಸಿದ ಪುಟದಿಂದಾಚೆಗೆ ಏನಿದೆ ಅಂತ ಒಂದನ್ನು ಮಾತ್ರ ಹೇಳುತ್ತೇನೆ. ಯುದ್ಧ ಯಾಕೆ ಶುರುವಾಯಿತು ಅನ್ನುವುದು ಕೊನೆಗೆ ತಿಳಿಯುತ್ತದೆ: ಎರಡು ಕಡೆಯವರಿಗೂ ಪರಸ್ಪರ ಮಾತಾಡಲು ಬರಲಿಲ್ಲ, ಅಷ್ಟಕ್ಕೇ. ಮೊದಲ ಕಾಳಗದಲ್ಲಿ, ಮಿದುಳಿಗೆ ಮೊದಲೇ ತುಂಬಿಟ್ಟ ಸಮ್ಮೋಹನದ ಸೂಚನೆ ಕೆರಳಿಸಿ, ಮಂಡೆಲ್ಲಾನ ಕೈಯಿಂದ ನಡೆಸಿದ್ದು ಹೊಡೆದಾಡಲೇ ಬಾರದವರ ಕಗ್ಗೊಲೆ. ಅಷ್ಟನ್ನು ನೀನು ಓದಿಯೇ ಇದ್ದೀಯ. ಈಗ ಆ ಪುಟಕ್ಕೆ ತಿರುಗಿ ಹೋಗು, ಬೇರೆ ಥರ ಕಾಣುತ್ತದೆ.

ನನ್ನ ಪ್ರತಿ ಸುಬೇದಾರರಿಂದ ವಾಪಸು ಬಂದ ಕೂಡಲೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ. ನಿನ್ನ ಎಪ್ಪತ್ತರ ಪ್ರತಿಯನ್ನು ನನಗೆ ಕಳಿಸು. ಆ ಸೌಮ್ಯ ಭಾಗ ನಾನು ಓದಿಯೇ ಇಲ್ಲ, ನಿನ್ನನ್ನು ಪೂರ್ತಿ ಬಯ್ಯಬೇಕಾದರೆ ಅದೂ ಬೇಕು. ನನ್ನ ಪ್ರತಿಯ ಅಂಚಿನಲ್ಲಿರುವ ಪೆನ್ಸಿಲ್ ಲೆಕ್ಕ ಅಳಿಸಬೇಡ. ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ,
ಗೋಪಿ