ಹೆರಾಲ್ಡ್‌ಗೆ ಗ್ರೀಸ್ ಬೇಡ, ಎಣ್ಣೆ ಹಾಕಿ

ಮಾನ್ಯ ಸಂಪಾದಕರೇ,

ಹಳೆ ಬ್ರಿಟಿಷ್ ಕಾರುಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿನ ಒಂದು ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಕಲಬುರಗಿ, ಬೀದರ್ ಕಡೆಯ ಮನೆಗಳಲ್ಲಿ ನಿಂತಿರುವ ಮಾರಿಸ್, ಹೆರಾಲ್ಡ್ ಗಾಡಿಗಳಿಗೆ ಈಗ ಸಾಮಾನು ಸಿಗುವುದಿಲ್ಲ, ಜಂಗು ಹಿಡಿಸುವ ಬದಲು ದೊಡ್ಡ ಊರಿನವರಿಗೆ ಮಾರಿಬಿಡುವುದೇ ಒಳ್ಳೆಯದು ಅಂತ ಬರೆದಿದ್ದರು. ನಾನು ಹುಮನಾಬಾದ್ ರಸ್ತೆಯಲ್ಲಿ 31 ವರ್ಷದಿಂದ ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ನಡೆಸುತ್ತಿದ್ದೇನೆ. ಆ ಗಾಡಿಗಳ ಬುಷ್, ಪಿನ್, ಶಾಫ್ಟ್ ಎಷ್ಟೋ ನನ್ನ ಕೈಯಲ್ಲೇ ತಯಾರಾಗಿವೆ. ಸಾಮಾನು ಸಿಗದೆ ಮೂಲೆ ಸೇರಿದ ಗಾಡಿ ನಾನು ನೋಡಿದ್ದು ಕಡಿಮೆ. ತಪ್ಪು ಆರೈಕೆಯಿಂದ ಕೆಟ್ಟ ಗಾಡಿಗಳೇ ಜಾಸ್ತಿ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆಳಂದ ಕಡೆಯಿಂದ ಒಂದು ಬಿಳಿ ಸ್ಟ್ಯಾಂಡರ್ಡ್ ಹೆರಾಲ್ಡ್ ಟೆಂಪೋದ ಮೇಲೆ ಬಂತು. ಮುಂದಿನ ಎಡಗಾಲಿ ಹೊರಗೆ ಮಡಚಿಕೊಂಡು ಮಲಗಿತ್ತು. ಜೊತೆಗೆ ಬಂದವಳು ಕಾಲೇಜು ಓದುವ ಹುಡುಗಿ. "ಕಾಕಾ, ನಮ್ಮ ಅಜ್ಜನ ಗಾಡಿ ರೀ. ಗೇಟಿನ ಒಳಗ ತಿರುಗಿಸಬೇಕಾದ್ರ ಟಕ್ ಅಂತ ಸಪ್ಪಳಾತು, ಗಾಲಿ ಮಲಗಿಬಿಡ್ತು" ಅಂದಳು. ಗ್ರೀಸ್ ಹಾಕಿಸುತ್ತಿದ್ದಿರಾ ಅಂತ ಕೇಳಿದೆ. "ತಿಂಗಳಿಗೊಮ್ಮೆ ತಪ್ಪಸಂಗಿಲ್ರೀ, ಅಜ್ಜ ಮುಂದ ನಿಂತು ಹಾಕಸ್ತಾರ." ಅಷ್ಟು ಕೇಳಿದ ಮೇಲೆ ಬಿಚ್ಚುವ ಮೊದಲೇ ನನಗೆ ವಿಷಯ ತಿಳಿಯಿತು.

ಹೆರಾಲ್ಡ್ ಇಂಗ್ಲೆಂಡಿನಲ್ಲಿ ಹೊರಬಂದಿದ್ದು 1959ರಲ್ಲಿ. ಅದರ ಮೈಕಟ್ಟು ಬಿಡಿಸಿದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ನಮ್ಮ ಮದ್ರಾಸಿನಲ್ಲೇ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ತಯಾರಾಯಿತು. ರಿಪೇರಿ ಮಾಡುವವನ ಕಷ್ಟ ಗೊತ್ತಿದ್ದವರೇ ಮಾಡಿದ ಗಾಡಿ ಅದು. ಬಾನೆಟ್ಟು ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಬಾಗುತ್ತದೆ. ಮುಂದಿನ ಟೈರಿನ ಮೇಲೆ ಕೂತು ಇಂಜಿನ್ ಕೆಲಸ ಮಾಡಬಹುದು. ಇನ್ನೊಂದು ವಿಶೇಷ, ಸುಮಾರು 25 ಅಡಿ ಜಾಗ ಇದ್ದರೆ ಸಾಕು, ಗಾಡಿ ಒಂದೇ ಸಲಕ್ಕೆ ಗರ್ರನೆ ತಿರುಗುತ್ತದೆ. ಶಹಾಬಜಾರಿನ ಗಲ್ಲಿಗಳಲ್ಲಿ ಇಂದಿನ ಎಷ್ಟೋ ಕಾರು ಹಾಗೆ ತಿರುಗುವುದಿಲ್ಲ.

ಅಷ್ಟು ತಿರುಗಬೇಕಾದರೆ ಮುಂದಿನ ಗಾಲಿ ಬಹಳ ಓರೆಯಾಗಬೇಕು ಅಲ್ವಾ? ಆ ಗಾಲಿ ಹೊತ್ತುಕೊಂಡ ಉಕ್ಕಿನ ಕಂಬದ ಕೆಳತುದಿಯಲ್ಲಿ ಥ್ರೆಡ್ ಇದೆ. ಅದು ಕೆಳಗಿರುವ ಒಂದು ಕಂಚಿನ ತುಂಡಿನೊಳಗೆ ಸ್ಕ್ರೂ ಹಾಗೆ ಕೂತಿರುತ್ತದೆ. ಆ ತುಂಡಿಗೆ ಟ್ರನಿಯನ್ ಅಂತಾರೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಕಂಬ ಆ ಥ್ರೆಡ್ಡಿನಲ್ಲೇ ತಿರುಗುತ್ತದೆ, ಮುಂದಿನ ಮೂಲೆಯ ಭಾರ ಹೊತ್ತುಕೊಂಡೇ. ಇಲ್ಲಿಗೆ ಗ್ರೀಸ್ ಹಾಕಬಾರದು. ಕಂಪನಿಯ ಪುಸ್ತಕದಲ್ಲೇ 90 ನಂಬರಿನ ಗೇರ್ ಆಯಿಲ್ ಹಾಕಿ ಅಂತ ಇದೆ. ಗ್ರೀಸ್ ಥ್ರೆಡ್ಡಿನ ಸಂದಿಗೆ ಇಳಿಯುವುದಿಲ್ಲ. ಬಾಯಿಯಲ್ಲೇ ಕೂತು ಗಟ್ಟಿಯಾಗುತ್ತದೆ. ಒಳಗೆ ಒಣ, ಹೊರಗೆ ಒದ್ದೆ. ಮಳೆ ನೀರು ಒಳಗೆ ಸೇರಿದರೆ ಅಲ್ಲೇ ನಿಂತು ಉಕ್ಕನ್ನು ತಿನ್ನುತ್ತದೆ.

ಆ ಹುಡುಗಿಯ ಎದುರೇ ಬಿಚ್ಚಿದೆ. ಒಳಗಿನ ಗ್ರೀಸು ಆರಿದ ಬೆಲ್ಲದ ಪಾಕದ ಹಾಗೆ ಆಗಿತ್ತು. ಉಗುರಿನಿಂದ ಕೆರೆದು ಎರಡು ಬೆರಳಲ್ಲಿ ಉಜ್ಜಿದೆ, ಗರಗರ ಅಂತು. ನಮ್ಮ ಎರೆ ಹೊಲದ ಮಣ್ಣು ಅದರಲ್ಲಿ ಸೇರಿ ವಾಲ್ವ್ ಉಜ್ಜುವ ಪೇಸ್ಟ್ ಹಾಗೆ ಕೆಲಸ ಮಾಡಿತ್ತು. ಕಂಚಿನ ಥ್ರೆಡ್ ಚಾಕುವಿನ ಅಂಚಿನಷ್ಟು ತೆಳ್ಳಗೆ ಸವೆದಿತ್ತು. ಕಂಬ ಮುರಿದ ಜಾಗ ನೋಡಿದರೆ ಮುಕ್ಕಾಲು ಪಾಲು ಕಂದು ಜಂಗು, ಕಾಲು ಪಾಲು ಮಾತ್ರ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವತ್ತು ಮುರಿದಿದ್ದು ಆ ಕಾಲು ಪಾಲು ಅಷ್ಟೇ. ಉಳಿದದ್ದು ಎಷ್ಟೋ ದಿನದಿಂದ ಒಳಗೊಳಗೇ ಬಿರುಕು ಬಿಟ್ಟಿತ್ತು. ಇದು ಗೇಟಿನಲ್ಲಿ ಆಗಿದ್ದಕ್ಕೆ ಸರಿ. ಹುಮನಾಬಾದ್ ಹೆದ್ದಾರಿಯಲ್ಲಿ ಲಾರಿ ಎದುರಿಗೆ ಬರುವಾಗ ಆಗಿದ್ದರೆ? ಆ ಅಜ್ಜನ ಬಗ್ಗೆ ನನಗೆ ಗೌರವವಿದೆ. ಗಾಡಿಯ ಮೇಲಿನ ಪ್ರೀತಿಗೇ ಅವರು ತಿಂಗಳು ತಿಂಗಳು ಮುಂದೆ ನಿಂತು ಗ್ರೀಸ್ ಹೊಡೆಸಿದ್ದು. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮಾಡಬೇಕಾದ್ದು ಇಷ್ಟೇ. ಜ್ಯಾಕ್ ಹಾಕಿ ಗಾಲಿ ಎತ್ತಿ. ಟ್ರನಿಯನ್‌ನಲ್ಲಿರುವ ಚಿಕ್ಕ ಪ್ಲಗ್ ತೆಗೆದು, ಆ ಜಾಗಕ್ಕೆ ಗ್ರೀಸ್ ಗನ್ ಕೂರುವ ನಿಪ್ಪಲ್ ಹಾಕಿ. ಗ್ರೀಸ್ ಗನ್ನನ್ನು ಚೆನ್ನಾಗಿ ತೊಳೆದು ಅದರಲ್ಲಿ 90 ಗೇರ್ ಆಯಿಲ್ ತುಂಬಿ. ಮೇಲಿನಿಂದ ಎಣ್ಣೆ ಹೊರಗೆ ಇಣುಕುವವರೆಗೆ ಒತ್ತಿ. ನಡುನಡುವೆ ಗಾಲಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿರಿ. ಮೊದಲು ಕರಿ ಎಣ್ಣೆ ಬರುತ್ತದೆ, ಆಮೇಲೆ ತಿಳಿ ಎಣ್ಣೆ. ಮಿರಗ ಮಳೆ ಬರುವ ಮುಂಚೆ ಒಮ್ಮೆ, ದೀಪಾವಳಿಗೆ ಒಮ್ಮೆ ಹಾಕಿದರೆ ನಮ್ಮ ಕಡೆಯ ಓಡಾಟಕ್ಕೆ ಸಾಕು. ಅರ್ಧ ಗಂಟೆಯ ಕೆಲಸ.

ಆ ಗಾಡಿಗೆ ಟ್ರನಿಯನ್ ನಾನೇ ಮಾಡಿಕೊಟ್ಟೆ, ಗಟ್ಟಿ ಕಂಚಿನ ರಾಡಿನಿಂದ. ಒಂದು ಬದಿಯದಕ್ಕೆ ಬಲ ಥ್ರೆಡ್, ಇನ್ನೊಂದು ಬದಿಯದಕ್ಕೆ ಎಡ ಥ್ರೆಡ್. ಅದು ಗೊತ್ತಿಲ್ಲದೆ ಎರಡನ್ನೂ ಒಂದೇ ತರಹ ಮಾಡಿದರೆ ಕೂರುವುದಿಲ್ಲ. ಉಕ್ಕಿನ ಕಂಬ ಮಾತ್ರ ನಾನು ಮಾಡಲಿಲ್ಲ. ಮಾಡು ಅಂದರೂ ಮಾಡುವುದಿಲ್ಲ. ಅದು ಕಾಯಿಸಿ ಬಡಿದು ಮಾಡಿದ ಫೋರ್ಜಿಂಗ್. ಬಜಾರಿನ ಶಾಫ್ಟ್ ತಂದು ಲೇತಿನಲ್ಲಿ ತಿರುಗಿಸಿದರೆ ಅಳತೆ ಸರಿ ಬರಬಹುದು, ತಾಕತ್ತು ಬರುವುದಿಲ್ಲ. ಮುರಿದದ್ದನ್ನು ವೆಲ್ಡಿಂಗ್ ಮಾಡುವುದಂತೂ ಪ್ರಾಣದ ಜೊತೆ ಆಟ. ಹೈದರಾಬಾದಿನ ಗುಜರಿಯಲ್ಲಿ ಇನ್ನೊಂದು ಹೆರಾಲ್ಡಿನ ಕಂಬ ಸಿಕ್ಕಿತು. ಹಾಕುವ ಮೊದಲು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಒರೆಸಿ ಬಳಪದ ಪುಡಿ ಬಳಿದೆ. ಬಿರುಕು ಇದ್ದರೆ ಅದರೊಳಗಿನ ಸೀಮೆಎಣ್ಣೆ ಬಿಳಿ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಗೆರೆ ಮೂಡಲಿಲ್ಲ. ಆಮೇಲೇ ಜೋಡಿಸಿದ್ದು.

ಇನ್ನು ನಟ್ ಬೋಲ್ಟಿನ ವಿಷಯ. ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದೇ. ಈ ಗಾಡಿಗಳೆಲ್ಲ ಇಂಚಿನ ಲೆಕ್ಕದವು. ಅವುಗಳಲ್ಲಿ ಎಲ್ಲ ಕಡೆ ಕಾಣುವ 5/16 ಇಂಚಿನ ಬೋಲ್ಟ್ ತಗೊಳ್ಳಿ. ದಪ್ಪ 7.94 ಮಿಲಿಮೀಟರ್. ಇವತ್ತಿನ 8 ಮಿಲಿಮೀಟರ್ ನಟ್ ಪಕ್ಕದಲ್ಲಿಟ್ಟರೆ ಕಣ್ಣಿಗೆ ಎರಡೂ ಒಂದೇ. ಆದರೆ ಹೆರಾಲ್ಡಿನ ಬೋಲ್ಟಿನಲ್ಲಿ ಇಂಚಿಗೆ 24 ಥ್ರೆಡ್. ಬಜಾರಿನ ನಟ್ಟಿನಲ್ಲಿ ಒಂದೂಕಾಲು ಮಿಲಿಮೀಟರಿಗೆ ಒಂದು. ಎರಡು ಸುತ್ತು ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಹುಡುಗರು ಜಂಗು ಅಂದುಕೊಂಡು ಉದ್ದ ಪಾನಾ ಹಾಕಿ ಎಳೆಯುತ್ತಾರೆ. ಥ್ರೆಡ್ ಹೋಯಿತು. ಅದೇ ಬೋಲ್ಟಿನ ತಲೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. 13ರ ಪಾನಾ ಅದಕ್ಕೆ ಸಡಿಲ. ನಾಲ್ಕು ಸಲ ಜಾರಿದರೆ ಮೂಲೆಗಳೆಲ್ಲ ಗುಂಡಗಾಗುತ್ತವೆ. ಆಮೇಲೆ ಚಾಣ, ಸುತ್ತಿಗೆ. ಒಂದು ಇಂಚಿನ ಪಾನಾ ಸೆಟ್ ಕೊಂಡರೆ ಇಷ್ಟೆಲ್ಲ ಹಾಳಾಗುವುದು ತಪ್ಪುತ್ತದೆ.

ನಮ್ಮಪ್ಪ ಶಹಾಬಾದಿನ ಸಿಮೆಂಟ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ನಾನು ಪಂಜಾಬಿನ ಬಟಾಲಾದ ಲೇತ್ ತಂದ ದಿನ ಅವರು ಬಟ್ಟೆಯಲ್ಲಿ ಸುತ್ತಿದ ಒಂದು ಗೇರ್ ಕೈಗೆ ಕೊಟ್ಟು "ಎಣಿಸು" ಅಂದರು. 127 ಹಲ್ಲು. ಒಂದು ಇಂಚು ಅಂದರೆ 25.4 ಮಿಲಿಮೀಟರ್, ಅದರ ಐದು ಪಟ್ಟು 127. ಆ ಒಂದು ಗೇರ್ ಇದ್ದರೆ ಮಿಲಿಮೀಟರ್ ಲೇತಿನಲ್ಲೂ ಇಂಚಿನ ಥ್ರೆಡ್ ಕೂದಲೆಳೆಯ ವ್ಯತ್ಯಾಸವಿಲ್ಲದೆ ತೆಗೆಯಬಹುದು. ವಿಟ್‌ವರ್ತ್ ಅನ್ನುವ ಹಳೆಯ ಬ್ರಿಟಿಷ್ ಥ್ರೆಡ್ಡಿಗೆ ಟೂಲ್ 55 ಡಿಗ್ರಿಗೆ ಮಸೆಯಬೇಕು, ಹೆರಾಲ್ಡ್ ಕಾಲದ ಥ್ರೆಡ್ಡಿಗೆ 60 ಡಿಗ್ರಿಗೆ. ಇದನ್ನೂ ಅವರೇ ಕಲಿಸಿದ್ದು. ಅಪ್ಪ ಈಗಿಲ್ಲ. ಗೇರ್ ಇವತ್ತಿಗೂ ಅದೇ ಬಟ್ಟೆಯಲ್ಲಿದೆ.

ಬೀದರಿನಿಂದ ಬರುವ ಒಂದು ಮಾರಿಸ್ ಮೈನರ್ ಕಥೆ ಇನ್ನೊಂದು ತರಹ. ಅಲೆಕ್ ಇಸಿಗೊನಿಸ್ ವಿನ್ಯಾಸ ಮಾಡಿದ ಗಾಡಿ ಅದು, 1948ರಲ್ಲಿ ಶುರುವಾಗಿದ್ದು. ಆಕ್ಸಿಲರೇಟರ್ ಒತ್ತಿದರೆ ಕರಿ ಹೊಗೆ, ಪೆಟ್ರೋಲ್ ವಾಸನೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಹೋಗಿದೆ, ಬೇರೆ ಗಾಡಿಯದು ಹಾಕಿಬಿಡೋಣ ಅಂತ ಯಾರೋ ಹೇಳಿದ್ದರಂತೆ. ಅದರಲ್ಲಿರುವುದು ಎಸ್‌ಯು ಕಾರ್ಬುರೇಟರ್. ಮೇಲೆ ಗಂಟೆಯ ಆಕಾರದ ಬುರುಡೆ, ಒಳಗೆ ಏರಿಳಿಯುವ ಪಿಸ್ಟನ್, ಅದರ ನಡುವಿನ ಕೊಳವೆಯಲ್ಲಿ ಸ್ವಲ್ಪ ಎಣ್ಣೆ. ಅಲ್ಲಿಗೆ ತೆಳು ಎಣ್ಣೆ ಬೇಕು, 20 ನಂಬರಿನದು. ಯಾರೋ ದಪ್ಪ ಗೇರ್ ಆಯಿಲ್ ಸುರಿದಿದ್ದರು. ಪಿಸ್ಟನ್ ಏರಲು ತಡ ಮಾಡುತ್ತಿತ್ತು, ಗಾಳಿ ಸಾಲದೆ ಪೆಟ್ರೋಲ್ ಜಾಸ್ತಿಯಾಗುತ್ತಿತ್ತು. ತೊಳೆದು, ಒರೆಸಿ, ಪಿಸ್ಟನ್ ಎತ್ತಿ ಬಿಟ್ಟೆ. ಕೆಳಗೆ ಬಂದು "ಟಕ್" ಅಂತ ಕೂತಿತು. ಆ ಸದ್ದು ಸ್ಪಷ್ಟವಾಗಿ ಕೇಳಿದರೆ ಪಿಸ್ಟನ್ ಎಲ್ಲೂ ಹಿಡಿಯುತ್ತಿಲ್ಲ ಅಂತ ಅರ್ಥ. ಆಮೇಲೆ ಇಂಜಿನ್ ಬಿಸಿಯಾದ ಮೇಲೆ ಪಿಸ್ಟನ್ ಕೂದಲಿನಷ್ಟು ಎತ್ತಿ ನೋಡಬೇಕು. ವೇಗ ತುಸು ಏರಿ ಮತ್ತೆ ಸಮಕ್ಕೆ ಬಂದರೆ ಮಿಕ್ಸ್ಚರ್ ಸರಿ. ಏರುತ್ತಲೇ ಹೋದರೆ ಪೆಟ್ರೋಲ್ ಜಾಸ್ತಿ. ಇಂಜಿನ್ ಸೊರಗಿದರೆ ಪೆಟ್ರೋಲ್ ಕಡಿಮೆ. ಯಾವ ಮೀಟರೂ ಬೇಡ, ಕಿವಿ ಸಾಕು. ಮೈನರ್ ಇಟ್ಟುಕೊಂಡವರು ಇನ್ನೊಂದು ನೆನಪಿಡಿ. ಅದರಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತದೆ, ಇವತ್ತಿನ ಗಾಡಿಗೆ ಪೂರ್ತಿ ಉಲ್ಟಾ. ಹೊಸ ಬ್ಯಾಟರಿ ಹಾಕುವ ಹುಡುಗನಿಗೆ ಮೊದಲೇ ಹೇಳಿ.

ಪೆಟ್ರೋಲಿನ ಬಗ್ಗೆಯೂ ಹೇಳಲೇಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಸೇರಿದ ಪೆಟ್ರೋಲ್. ಎಥೆನಾಲ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಕಬ್ಬಿನಿಂದಲೂ ತೆಗೆಯುತ್ತಾರೆ. ಅಫಜಲಪುರ, ಆಳಂದ ಕಡೆ ಕಬ್ಬು ಬೆಳೆಯುವವರು ನಮ್ಮವರೇ. ಆದರೆ 60 ವರ್ಷದ ಹಿಂದಿನ ರಬ್ಬರ್ ಪೈಪು, ಗಾಡಿಯೊಳಗಿನ ಪೆಟ್ರೋಲ್ ಪಂಪಿನ ಪರದೆ, ಕಾರ್ಕಿನ ಗ್ಯಾಸ್ಕೆಟ್ ಇದನ್ನು ತಾಳುವುದಿಲ್ಲ. ಉಬ್ಬುತ್ತವೆ, ಮೆತ್ತಗಾಗುತ್ತವೆ, ಸೀಳುತ್ತವೆ. ನಮ್ಮ ಊರಿನ ಮೇ ತಿಂಗಳ ಬಿಸಿಲಲ್ಲಿ ಸೈಲೆನ್ಸರ್ ಪೈಪಿನ ಹತ್ತಿರ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಎಥೆನಾಲ್ ತಾಳುವ ಪೈಪು, ಪರದೆ ಸಿಗುತ್ತವೆ, ಕೇಳಿ ಹಾಕಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ. ಎಥೆನಾಲ್ ಗಾಳಿಯ ನೀರನ್ನು ಹೀರಿ ಟ್ಯಾಂಕಿನ ತಳಕ್ಕೆ ಜಂಗು ತರುತ್ತದೆ.

ಕಾಗದಪತ್ರದ ತಾಪತ್ರಯ ಅಂತಲೂ ನಿಮ್ಮ ಬರಹದಲ್ಲಿತ್ತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ನಡೆಯುತ್ತದೆ. ದಿನನಿತ್ಯದ ಓಡಾಟಕ್ಕೆ ಮಾತ್ರ ಬಳಸುವಂತಿಲ್ಲ. ಅದು ಬೇಕೋ ಬೇಡವೋ ಯೋಚಿಸಿ ತೀರ್ಮಾನಿಸಿ. ಆದರೆ ದಾರಿಯೇ ಇಲ್ಲ ಅಂತ ಗಾಡಿ ಮಾರಬೇಡಿ.

ನನ್ನ ನಿಜವಾದ ಚಿಂತೆ ಬೇರೆ. ನಮ್ಮ ಭಾಗದ ಮಿಸ್ತ್ರಿಗಳು ಬ್ರಿಟಿಷ್ ಗಾಡಿಯ ಕೆಲಸ ಕಲಿತಿದ್ದು ಅಂಬಾಸಿಡರ್ ಮೇಲೆ. ಅದು ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದರ ಮೇಲೆ ಕೈ ಪಳಗಿದವರು ಈಗ ಅರವತ್ತು, ಎಪ್ಪತ್ತರ ಮೇಲಿನವರು. ಕೆಲವರಿಗೆ ಕಣ್ಣು ಮಂಜು, ಕೆಲವರ ಗ್ಯಾರೇಜು ಮೊಬೈಲ್ ಅಂಗಡಿಯಾಗಿದೆ. ಇವರಲ್ಲಿ ನಾಲ್ಕು ಜನರನ್ನು ತಿಂಗಳಿಗೆ ಒಂದು ದಿನ ಕಲಬುರಗಿ, ಬೀದರಿನ ಐಟಿಐಗಳಿಗೆ ಕರೆಸಿ, ಹುಡುಗರಿಗೆ ಒಂದು ಕಾರ್ಬುರೇಟರ್ ಬಿಚ್ಚಿ ಜೋಡಿಸುವುದು, ಒಂದು ಇಂಚಿನ ಥ್ರೆಡ್ ತೆಗೆಯುವುದು ತೋರಿಸಿದರೆ ಬಹಳ ಉಪಯೋಗ ಆಗುತ್ತದೆ. ಸಂಬಂಧಪಟ್ಟವರು ದಯವಿಟ್ಟು ಇದನ್ನು ಗಮನಿಸಬೇಕು. ಕರೆದರೆ ನಾನು ಸಂಬಳವಿಲ್ಲದೆ ಬರುತ್ತೇನೆ, 127ರ ಗೇರ್ ತಗೊಂಡು ಬರುತ್ತೇನೆ.

ಮನೆಗಳಲ್ಲಿ ಹಿರಿಯರ ಗಾಡಿ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಅಟ್ಟದ ಮೇಲಿನ ಕಂಪನಿ ಪುಸ್ತಕ, ಇಂಚಿನ ಪಾನಾ, ಥ್ರೆಡ್ ತೆಗೆಯುವ ಟ್ಯಾಪ್, ಡೈ ಇವನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಮುರಿದ ಸಾಮಾನನ್ನೂ ಎಸೆಯಬೇಡಿ. ಎಷ್ಟೇ ಸವೆದಿದ್ದರೂ ಎಲ್ಲೋ ಒಂದು ಮೂಲೆಯಲ್ಲಿ ಸವೆಯದ ಜಾಗ ಇರುತ್ತದೆ, ನಾನು ಅಳತೆ ತೆಗೆಯುವುದು ಅಲ್ಲಿಂದಲೇ. ಆಳಂದ ಕಡೆಯ ಆ ಹುಡುಗಿ ಮುರಿದ ಕಂಬದ ಎರಡೂ ತುಂಡುಗಳನ್ನು ಹಳೆ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದಳು. ಹೋಗುವಾಗ ಅವನ್ನು ನನ್ನ ಹತ್ತಿರವೇ ಬಿಟ್ಟು ಹೋದಳು. ಈಗ ಅವು ನನ್ನ ಲೇತಿನ ಪಕ್ಕದ ಕಿಟಕಿಯಲ್ಲಿವೆ. ಯಾರು ಹೆರಾಲ್ಡ್ ತಂದರೂ ಮೊದಲು ಆ ಮುರಿದ ಮುಖ ತೋರಿಸಿ, ಆಮೇಲೆ ಎಣ್ಣೆ ಡಬ್ಬಿ ಕೈಗೆ ಕೊಡುತ್ತೇನೆ.

ಇಂತಿ,
ಒಬ್ಬ ಲೇತ್ ಟರ್ನರ್,
ಹುಮನಾಬಾದ್ ರಸ್ತೆ, ಕಲಬುರಗಿ