ಭಾನುವಾರದ ಮಾತುಕತೆ: ಲಿಂಡಾವರ್ ಬರೆದ ಮುಖಗಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಗಾಟ್‌ಫ್ರೀಡ್ ಲಿಂಡಾವರ್ ಚಿತ್ರಗಳ ಬಗ್ಗೆ ಮಾತಾಡೋಣ. 1839ರಲ್ಲಿ ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ಪಿಲ್ಸೆನ್‌ನಲ್ಲಿ ಹುಟ್ಟಿದವರು. ವಿಯೆನ್ನಾದ ಕಲಾ ಅಕಾಡೆಮಿಯಲ್ಲಿ ಪಳಗಿದ ಕೈ. 1874ರಲ್ಲಿ ನ್ಯೂಜಿಲೆಂಡ್‌ಗೆ ಬಂದವರು ಅಲ್ಲೇ ನೆಲೆ ನಿಂತರು.

ಅವರಿಗೆ ಹೆಸರು ತಂದದ್ದು ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಭಾವಚಿತ್ರಗಳು. ಬರುವ ಮೊದಲು 'ಹೀನಿ ಹಿರಿನಿ ಮತ್ತು ಮಗು' ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿ. ಬೆನ್ನ ಮೇಲೆ ಹೊದಿಕೆಯೊಳಗೆ ಕೂಸು, ತಾಯಿಯ ಕೊರಳಲ್ಲಿ ಪದಕ, ಗದ್ದದ ಮೇಲೆ ಹಚ್ಚೆ. ಕುಂಚ ಎಳೆದ ಗುರುತೇ ಕಾಣದಷ್ಟು ನುಣುಪು. ಅದು ವಿಯೆನ್ನಾದ ಪಾಠ. ಇದೇ ಚಿತ್ರವನ್ನು ಅವರು ಮತ್ತೆ ಮತ್ತೆ ಬರೆದರು.

ಹಿರಿಯರ ಚಿತ್ರಗಳನ್ನೂ ಬಿಡಬೇಡಿ. ಅವರ ಮುಖದ ಹಚ್ಚೆ ಉಳಿಯಿಂದ ಕೆತ್ತಿದ್ದು, ಚರ್ಮದಲ್ಲಿ ಗೀರು ಬಿದ್ದಿರುತ್ತದೆ. ಆ ಗೀರುಗಳಲ್ಲಿ ಮನೆತನದ ಗುರುತಿದೆ. ಒಂದು ಗೆರೆ ತಪ್ಪಿದರೂ ಮನೆಯವರು ಒಪ್ಪುತ್ತಾರಾ?

ಲಿಂಡಾವರ್ ಫೋಟೊ ನೋಡಿ ಬರೆಯುತ್ತಿದ್ದದ್ದು ನಿಜ. ಹಾಗಂತ ಸುಮ್ನೆ ನಕಲು ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಕಪ್ಪುಬಿಳುಪು ಫೋಟೊಗೆ ಮೈಬಣ್ಣ, ಕಣ್ಣಿನ ಹೊಳಪು ಕೊಟ್ಟವರು ಅವರೇ ಅಲ್ವಾ? ಮಾವೋರಿ ಮನೆಯವರೇ ದುಡ್ಡು ಕೊಟ್ಟು ಚಿತ್ರ ಬರೆಸಿಕೊಂಡದ್ದೂ ಇದೆ. ಸತ್ತವರನ್ನು ನೆನೆಯುವಾಗ ಅವುಗಳನ್ನು ಎದುರಿಗಿಟ್ಟು ಅಳುತ್ತಿದ್ದರು.

ಹೆನ್ರಿ ಪಾರ್ಟ್ರಿಡ್ಜ್ ಎಂಬ ವ್ಯಾಪಾರಿ ಕೂಡಿಸಿದ ಚಿತ್ರಗಳು 1915ರಿಂದ ಆಕ್ಲೆಂಡ್ ಕಲಾ ಗ್ಯಾಲರಿಯಲ್ಲಿವೆ. ಗ್ಯಾಲರಿಯ ಜಾಲತಾಣದಲ್ಲಿ ನೋಡಲು ಸಿಗುತ್ತವೆ. ನಿಮಗೆ ಹಿಡಿಸಿದ ಒಂದು ಮುಖವನ್ನು ಶನಿವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಚಿತ್ರದ ಹೆಸರು ಬರೆಯುವುದನ್ನು ಮರೆಯಬೇಡಿ.