ಆನ್‌ಲೈನ್ ಕಲಾ ತರಗತಿ: ಮಕ್ಕಳಿಗೆ ಮೊದಲು ಕಾಣಲಿ, ಕೇಳಲಿ

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ಸಂಗೀತ, ನೃತ್ಯ, ಚಿತ್ರಕಲೆ ಕಲಿಯುವ ಮಕ್ಕಳು ಕ್ಯಾಮೆರಾ ಆಫ್ ಮಾಡಿ ಸುಮ್ಮನೆ ಕೂರುತ್ತಾರೆ, ಅವರಿಗೆ ಆಸಕ್ತಿಯೇ ಇಲ್ಲ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಬಹಳಷ್ಟು ಸಲ ತಪ್ಪು ಮಕ್ಕಳದ್ದಲ್ಲ. ವಿಡಿಯೊ ಕಾಲ್ ಆ್ಯಪ್‌ಗಳನ್ನು ಮಾಡಿರುವುದು ಮಾತುಕತೆಗಾಗಿ. ಅವನ್ನು ಕಲೆಗೆ ಒಗ್ಗಿಸಿಕೊಳ್ಳದೆ ಪಾಠ ಶುರು ಮಾಡಿದರೆ ಮಗುವಿಗೆ ಅರ್ಧ ಕೇಳಿಸದು, ಅರ್ಧ ಕಾಣಿಸದು.

ಶಿಕ್ಷಕರು ತಂತಿ ಮೀಟಿದಾಗ ಮೊದಲ ಪೆಟ್ಟು ಕೇಳಿಸಿ, ಮುಂದಿನ ನಾದ ಕತ್ತರಿಸಿದಂತೆ ನಿಂತುಹೋಗುವುದನ್ನು ಗಮನಿಸಿ. ಎಲ್ಲರೂ ನೆಟ್‌ವರ್ಕನ್ನು ಬೈಯುತ್ತಾರೆ. ಅನೇಕ ಸಲ ಕಾರಣ ‘ನಾಯ್ಸ್ ಸಪ್ರೆಶನ್’. ಫ್ಯಾನಿನ ಸದ್ದು ಅಳಿಸಲೆಂದಿರುವ ಈ ಸೌಲಭ್ಯ, ಒಂದೇ ಸಮನೆ ನಿಲ್ಲುವ ಸ್ವರವನ್ನೂ ಅದೇ ಬಗೆಯ ಗದ್ದಲವೆಂದು ಅಳಿಸಿಬಿಡುತ್ತದೆ. ಝೂಮ್‌ನಲ್ಲಾದರೆ, ಧ್ವನಿಯನ್ನು ಹೀಗೆ ಸೋಸದೆ ಕಳಿಸುವ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಆನ್ ಮಾಡಿಕೊಳ್ಳಬೇಕು. ಹಾಡುವವರು ಇಯರ್‌ಫೋನ್ ಹಾಕಿಕೊಳ್ಳುವುದು ಒಳ್ಳೆಯದು, ಅದೂ ವೈರ್ ಇರುವಂಥದ್ದು. ಬ್ಲೂಟೂತ್ ಇಯರ್‌ಫೋನಿನ ಮೈಕ್ ಬಳಸಿದರೆ ಸಾಮಾನ್ಯವಾಗಿ ಧ್ವನಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ, ಕೇಳಿಸುವುದೂ ತಡವಾಗುತ್ತದೆ.

ಈ ತಡವೇ ದೊಡ್ಡ ತೊಡಕು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಕರೆಯಲ್ಲಿ 200 ಮಿಲಿಸೆಕೆಂಡ್ ತಡವಾದರೆ, ಶಿಕ್ಷಕರು ಸುಮಾರು 69 ಮೀಟರ್ ಆಚೆ ನಿಂತು ತಾಳ ಹಾಕಿದ ಹಾಗೆ. ಮಗು ಆ ತಾಳಕ್ಕೆ ಸರಿಯಾಗಿಯೇ ಹಾಡುತ್ತದೆ, ಆದರೆ ಹಾಡು ಮರಳಿ ಬರುವಾಗ ಮತ್ತಷ್ಟು ತಡವಾಗಿ, ಲಯ ಎಳೆದಂತೆ ಕೇಳಿಸುತ್ತದೆ. ಶಿಕ್ಷಕರು ಗದರುತ್ತಾರೆ, ಮಾಡದ ತಪ್ಪಿಗೆ ಮಗು ಕುಗ್ಗುತ್ತದೆ. ಆದ್ದರಿಂದ ಹಾಡುವ ಮಗುವೇ ತಾಳ ಹಾಕಿಕೊಳ್ಳಲಿ. ‘ಎಲ್ಲರೂ ಒಟ್ಟಿಗೆ’ ಎನ್ನುವುದನ್ನು ಬಿಡೋಣ. ಶಿಕ್ಷಕರು ಒಂದು ಸಾಲು ಹಾಡುವಾಗ ಮಕ್ಕಳು ಮ್ಯೂಟ್‌ನಲ್ಲಿದ್ದೇ ದನಿಗೂಡಿಸಲಿ, ಆಮೇಲೆ ಒಬ್ಬೊಬ್ಬರೇ ಒಪ್ಪಿಸಲಿ. ಸರದಿಗೆ ಕಾಯುವವರ ಕಿವಿಗೂ ಕೆಲಸ ಬೇಕು: ಶ್ರುತಿ ಎಲ್ಲಿ ಜಾರಿತು ಎಂದು ಗುರುತು ಹಾಕಿಕೊಳ್ಳಲು ಹೇಳಬಹುದು. ಒಬ್ಬರಿಗೆ ಎರಡು ನಿಮಿಷವಾದರೂ 12 ಮಕ್ಕಳಿಗೆ 24 ನಿಮಿಷ ಬೇಕು. 45 ನಿಮಿಷದ ತರಗತಿಗೆ 30 ಮಕ್ಕಳನ್ನು ಸೇರಿಸಿಕೊಂಡರೆ ಅದು ಪಾಠವಾಗದು, ಬರೀ ಪ್ರಸಾರವಾಗುತ್ತದೆ.

ಚಿತ್ರಕಲೆಗೆ ಶಿಕ್ಷಕರ ಬಳಿ ಎರಡನೇ ಫೋನ್ ಬೇಕು. ಹಾಳೆಯಿಂದ ಅರ್ಧ ಮೀಟರ್ ಮೇಲೆ, ಕ್ಯಾಮೆರಾ ನೇರ ಕೆಳಗೆ ನೋಡುವಂತೆ ಕಟ್ಟಿ. ಬಲಗೈಯಲ್ಲಿ ಬರೆಯುವವರಾದರೆ ದೀಪ ಎಡಗಡೆ ಇರಲಿ, ಇಲ್ಲವಾದರೆ ಕೈಯ ನೆರಳು ಗೆರೆಯ ಮೇಲೇ ಬೀಳುತ್ತದೆ. ಆ ಫೋನಿನ ಮೈಕ್, ಸ್ಪೀಕರ್ ಎರಡನ್ನೂ ಬಂದ್ ಮಾಡದಿದ್ದರೆ ಕೀರಲು ಸದ್ದು ಖಚಿತ. ಚೌಕಟ್ಟಿನ ತುಂಬ ಬಿಳಿ ಹಾಳೆಯೇ ಇದ್ದರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಾನಾಗಿ ಚಿತ್ರವನ್ನು ಮಬ್ಬು ಮಾಡುತ್ತದೆ. ಹಾಳೆಯ ಕೆಳಗೆ ಬೂದು ಬಣ್ಣದ ರಟ್ಟು ಇಟ್ಟು ಅದರ ಅಂಚು ಕಾಣುವಂತೆ ಬಿಟ್ಟರೆ ಇದು ಎಷ್ಟೋ ಸುಧಾರಿಸುತ್ತದೆ. 2ಎಚ್ ಪೆನ್ಸಿಲ್ಲಿನ ನವಿರು ಗೆರೆ ವಿಡಿಯೊ ಕುಗ್ಗಿಸುವಾಗ ಅಳಿಸಿಹೋಗುತ್ತದೆ, ತೋರಿಸಲು ಗಾಢ ಗೆರೆ ಮೂಡಿಸುವ 4ಬಿ ಹಿಡಿಯಿರಿ. ಮಕ್ಕಳ ಕ್ಯಾಮೆರಾ ಕೂಡ ಮುಖಕ್ಕಲ್ಲ, ಹಾಳೆಗೆ ತಿರುಗಿರಲಿ.

ನೃತ್ಯದಲ್ಲಿ ಪಾದ ಕಾಣದಿದ್ದರೆ ಪಾಠವೇ ಇಲ್ಲ. ಫೋನನ್ನು ಸೊಂಟದ ಎತ್ತರಕ್ಕಿಟ್ಟು ಮೂರ್ನಾಲ್ಕು ಮೀಟರ್ ಹಿಂದೆ ಸರಿಯಿರಿ. ವರ್ಚುವಲ್ ಹಿನ್ನೆಲೆ ಬೇಡ, ಕೈ ಚಾಚಿದ ಕೂಡಲೇ ಅದು ಬೆರಳುಗಳನ್ನು ನುಂಗುತ್ತದೆ. ಎಡ-ಬಲದ ಗೊಂದಲಕ್ಕೆ ಎಲ್ಲರ ಬಲ ಮಣಿಕಟ್ಟಿಗೂ ಒಂದೇ ಬಣ್ಣದ ಪಟ್ಟಿ ಸಾಕು.

ಇನ್ನು ನೋಡಲು, ಕೇಳಲು ಕಷ್ಟವಿರುವ ಮಕ್ಕಳು. ‘ಇಲ್ಲಿಂದ ಹೀಗೆ ಎಳೆಯಿರಿ’ ಎಂದರೆ ದೃಷ್ಟಿದೋಷವಿರುವ ಮಗುವಿಗೆ ಏನೂ ಹೇಳಿದಂತಾಗಲಿಲ್ಲ. ‘ಹಾಳೆಯ ಎಡ ಅಂಚಿನಿಂದ ಮೂರು ಬೆರಳು ಒಳಗೆ, ಎತ್ತರದ ಅರ್ಧಕ್ಕೆ ಪೆನ್ಸಿಲ್ ಇಟ್ಟು ಬಲಕ್ಕೆ ಎಳೆಯಿರಿ’ ಎನ್ನಬೇಕು. ಚಿಕ್ಕ ಪರದೆಯಲ್ಲಿ ನೋಡುವ ಉಳಿದ ಮಕ್ಕಳಿಗೂ ಇದೇ ಸುಲಭ. ಬಣ್ಣವನ್ನು ಟ್ಯೂಬಿನ ಮೇಲಿರುವ ಹೆಸರಿನಿಂದ ಕರೆದರೆ, ಕೆಂಪು-ಹಸಿರು ಬೇರ್ಪಡಿಸಲಾಗದ ಮಗು ಹಿಂದೆ ಬೀಳುವುದಿಲ್ಲ. ಕಿವಿ ಕೇಳದ ಮಗು ತುಟಿ ಮತ್ತು ಕೈ ಎರಡನ್ನೂ ಏಕಕಾಲಕ್ಕೆ ನೋಡಲಾರದು. ಮೊದಲು ಹೇಳಿ, ಆಮೇಲೆ ಮಾಡಿ ತೋರಿಸಿ. ತಾನಾಗಿ ಮೂಡುವ ಕ್ಯಾಪ್ಶನ್‌ಗಳು ಕಲೆಯ ಪದಗಳನ್ನು ಆಗಾಗ ತಪ್ಪಾಗಿ ಬರೆಯುತ್ತವೆ, ಹಾಗಾಗಿ ಆ ದಿನದ ಪದಪಟ್ಟಿಯನ್ನು ಮುಂಚೆಯೇ ಕಳಿಸಬೇಕು. ಸಂಜ್ಞೆ ಭಾಷೆಯ ದುಭಾಷಿ ಇದ್ದರೆ ಅವರ ಚೌಕವನ್ನು ಪಿನ್ ಮಾಡುವುದು, ಅಂದರೆ ಪರದೆಯಲ್ಲಿ ಸದಾ ದೊಡ್ಡದಾಗಿ ಕಾಣುವಂತೆ ನಿಲ್ಲಿಸುವುದು ಹೇಗೆಂದು ಮಗುವಿಗೆ ಮೊದಲ ದಿನವೇ ತೋರಿಸಿಕೊಡಿ.

ಕ್ಯಾಮೆರಾ ಆಫ್ ಮಾಡಿದ ಮಗುವನ್ನು ದೂರುವ ಮುನ್ನ ಲೆಕ್ಕ ಹಾಕಿ: ಸೆಕೆಂಡಿಗೆ 1.2 ಮೆಗಾಬಿಟ್‌ನ ವಿಡಿಯೊಗೆ ಗಂಟೆಗೆ 540 ಎಂಬಿ ಡೇಟಾ ಬೇಕು, 80 ಕಿಲೊಬಿಟ್‌ನ ಧ್ವನಿಗೆ 36 ಎಂಬಿ ಸಾಕು. ಅಂಥ ಮಗು ಚಿತ್ರದ ಫೋಟೊ ಕಳಿಸಿದರೂ ತಿದ್ದಬಹುದು.

ತರಗತಿ ನಡೆಸುವ ಸಂಸ್ಥೆಗಳು ಪ್ರವೇಶದ ಅರ್ಜಿಯಲ್ಲೇ ‘ನೋಡಲು, ಕೇಳಲು, ಕೈಯಾಡಿಸಲು ಏನು ಅನುಕೂಲ ಬೇಕು? ಯಾವ ಫೋನ್, ಎಷ್ಟು ಡೇಟಾ ಇದೆ?’ ಎಂದು ಕೇಳಲಿ. ಮೊದಲ ಪಾಠದ ಹಿಂದಿನ ದಿನ ಪ್ರತಿ ಮಗುವಿನ ಜೊತೆ ಹತ್ತು ನಿಮಿಷ ಧ್ವನಿ, ಬೆಳಕು, ಕ್ಯಾಮೆರಾ ಪರೀಕ್ಷಿಸಲಿ. ಆ ಹತ್ತು ನಿಮಿಷವನ್ನೂ ಶಿಕ್ಷಕರ ಸಂಬಳದ ಅವಧಿಗೆ ಸೇರಿಸಲಿ.

— ಆನ್‌ಲೈನ್ ಕಲಾ ತರಗತಿ ನಡೆಸುವ ಶಿಕ್ಷಕರು